ನಲವತ್ತೆರಡನೆಯ ಮುಖ

"ಮೇಷ್ಟ್ರೇ, ನಿಮಗೆ ಕಂಪ್ಯೂಟರ್ ಬರುತ್ತಲ್ಲ, ಹತ್ತನೇ ಕ್ಲಾಸಿನ ಮಕ್ಕಳನ್ನೆಲ್ಲ ಸೇರಿಸಿ ಒಂದು ಕೊಲಾಜ್ ಮಾಡಿಬಿಡಿ. ಬೀಳ್ಕೊಡುಗೆ ದಿನಕ್ಕೆ ದೊಡ್ಡದಾಗಿ ಪ್ರಿಂಟ್ ಹಾಕಿಸೋಣ" ಎಂದು ನಮ್ಮ ಮುಖ್ಯೋಪಾಧ್ಯಾಯರು ಹೇಳಿದಾಗ ನನಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಸಣ್ಣ ಬೆವರು. ಇದು 2025ರ ಫೆಬ್ರುವರಿಯ ಮಾತು. ನನಗೆ ಕಂಪ್ಯೂಟರ್ ಬರುತ್ತಿತ್ತು ಎನ್ನುವುದು ನಿಜ. ಆದರೆ ಅದು ಕಾಲು ಶತಮಾನದ ಹಿಂದಿನ ಸಂಗತಿ ಎಂಬುದು ಅವರಿಗೆ ತಿಳಿಯದು. ಅಟ್ಟದ ಮೇಲಿಟ್ಟು ಮರೆತ ಕುಡುಗೋಲನ್ನು ಸುಗ್ಗಿಯ ದಿನ ಕೆಳಗಿಳಿಸಿದ ಹಾಗಾಯಿತು ನನ್ನ ಸ್ಥಿತಿ. ಹಿಡಿ ಗಟ್ಟಿಯಾಗಿಯೇ ಇದೆ, ಅಲಗಿಗೆ ಮಾತ್ರ ತುಕ್ಕು.

ನಾನೊಬ್ಬ ವಿಜ್ಞಾನದ ಮೇಷ್ಟ್ರು. ಹುಟ್ಟಿದ್ದು ಕೆ.ಆರ್. ನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮೊದಲು ಪಾಠ ಮಾಡಿದ್ದು ಹೊಗೆಸೊಪ್ಪಿನ ಸೀಮೆ ಪಿರಿಯಾಪಟ್ಟಣದಲ್ಲಿ, ಮನೆ ಮಾಡಿದ್ದು ಹುಣಸೂರಿನಲ್ಲಿ, ಈಗ ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು ಎಚ್.ಡಿ. ಕೋಟೆ ತಾಲ್ಲೂಕಿನ ಪ್ರೌಢಶಾಲೆಗೆ. ಇದರ ನಡುವೆ ಒಂದು ಪುಟ್ಟ ಅಧ್ಯಾಯ ಮೈಸೂರಿನದು. ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಕೆಲಸದ ಆದೇಶಕ್ಕಾಗಿ ಕಾಯುತ್ತಿದ್ದ 1995ರಿಂದ 1999ರವರೆಗೆ ಅಲ್ಲಿನ ಒಂದು ಡಿಟಿಪಿ ಅಂಗಡಿಯಲ್ಲಿ ಕುಳಿತು ಹೊಟ್ಟೆ ಹೊರೆದವನು ನಾನು. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ನಾಟಕದ ಕರಪತ್ರ, ಚುನಾವಣೆ ಬಂದರೆ ರಾತ್ರಿಯಿಡೀ ಕರಪತ್ರ. ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿ, ಕೋರೆಲ್‌ಡ್ರಾದಲ್ಲಿ ಬಳ್ಳಿ ಬಿಡಿಸಿ, ಬಟರ್ ಪೇಪರಿನ ಮೇಲೆ ಪ್ರಿಂಟ್ ತೆಗೆದು ಆಫ್‌ಸೆಟ್ ಪ್ರೆಸ್ಸಿಗೆ ಕೊಡುವುದು. ಫೈಲು ಸಾಗಿಸಲು 1.44 ಎಂಬಿ ಫ್ಲಾಪಿ. ಇವತ್ತು ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೋ ಆ ಫ್ಲಾಪಿಯಲ್ಲಿ ಹಿಡಿಯುವುದಿಲ್ಲ ಎಂದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ.

ಆದೇಶ ಬಂತು, ಮೌಸ್ ಹೋಗಿ ಚಾಕ್‌ಪೀಸ್ ಬಂತು. ಆಮೇಲೆ ಕಂಪ್ಯೂಟರಿಗೂ ನನಗೂ ಅಂಕಪಟ್ಟಿಯ ಮಟ್ಟದ ಸಂಬಂಧವಷ್ಟೇ ಉಳಿದಿತ್ತು.

ನನ್ನ ಹಳೆಯ ಲ್ಯಾಪ್‌ಟಾಪ್ ತೆರೆದು ನೋಡಿದೆ. ಅದರಲ್ಲಿ ಪಿಕಾಸಾ ಎಂಬ ಸರಳ ತಂತ್ರಾಂಶ ಇನ್ನೂ ಉಸಿರಾಡುತ್ತಿತ್ತು. 2004ರಲ್ಲಿ ಗೂಗಲ್ ಕೊಂಡುಕೊಂಡು ಎಲ್ಲರಿಗೂ ಪುಕ್ಕಟೆ ಹಂಚಿದ, 2016ರಲ್ಲಿ ನಿಲ್ಲಿಸಿಯೇಬಿಟ್ಟ ತಂತ್ರಾಂಶ ಅದು. ನಿಂತರೂ ಹಳೆಯ ಯಂತ್ರಗಳಲ್ಲಿ ಕೆಲಸ ಮಾಡುತ್ತದೆ, ನಿವೃತ್ತರಾದ ಮೇಲೂ ಶಾಲೆಗೆ ಬಂದು ಲೆಕ್ಕ ಹೇಳಿಕೊಡುವ ಮೇಷ್ಟ್ರ ಹಾಗೆ. ಫೋಟೋಗಳನ್ನು ಆರಿಸಿ 'ಕೊಲಾಜ್' ಎಂಬ ಗುಂಡಿ ಒತ್ತಿದರೆ ಸಾಕು, ರಾಶಿ ಹಾಕಿದಂತೆ, ಚೌಕಳಿ ಹಾಕಿದಂತೆ, ಮೊಸಾಯಿಕ್ ನೆಲದಂತೆ, ಬೇಕಾದ ಹಾಗೆ ತಾನೇ ಜೋಡಿಸಿ ತೋರಿಸುತ್ತದೆ. ನನ್ನ ಕಾಲದಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಅರ್ಧ ನಿಮಿಷದಲ್ಲಿ ಮುಗಿದಿತ್ತು. ಇಷ್ಟೇನಾ ಎಂದು ಮೀಸೆ ತಿರುವಿಕೊಂಡೆ.

ಮೊದಲ ಪೆಟ್ಟು ಬಿದ್ದದ್ದು ಅಕ್ಷರದಲ್ಲಿ. ಮಕ್ಕಳ ಹೆಸರುಗಳನ್ನು ಗುಮಾಸ್ತರು ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದರು. ಅದನ್ನು ನಕಲು ಮಾಡಿ ಚಿತ್ರದ ಮೇಲೆ ಅಂಟಿಸಿದರೆ ಹೆಸರಿನ ಬದಲು ಇಂಗ್ಲಿಷ್ ಅಕ್ಷರ, ಕೊಂಬು, ಬಾಲಗಳ ಸಂತೆ. ಕಾರಣ ಇಷ್ಟೇ. ಹಿಂದಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆಂದು ಕಟ್ಟಿದ ಮನೆಯಲ್ಲಿ ಬಾಡಿಗೆಗಿದ್ದವು. ಆ ಫಾಂಟ್ ಇರುವಲ್ಲಿ ಕನ್ನಡವಾಗಿ ಕಾಣುತ್ತವೆ, ಇಲ್ಲದಲ್ಲಿ ಮನೆಯ ಮೂಲ ಮಾಲೀಕ ಇಣುಕುತ್ತಾನೆ. 1991ರಲ್ಲಿ ಮೊದಲ ಆವೃತ್ತಿ ಬಂದ ಯೂನಿಕೋಡ್ ಕನ್ನಡಕ್ಕೆ 128 ನಿವೇಶನಗಳ ಸ್ವಂತ ಬಡಾವಣೆಯನ್ನೇ ಕೊಟ್ಟಿದೆ. ಅಲ್ಲಿ ಕೂತ 'ಕ' ಲೋಕದ ಯಾವ ಯಂತ್ರದಲ್ಲೂ 'ಕ'ವೇ. ನುಡಿಯಲ್ಲೂ ಈಗ ಯೂನಿಕೋಡ್ ಉಂಟು, ಬಳಸುವ ಅಭ್ಯಾಸ ನಮಗಿರಬೇಕಷ್ಟೆ. ಕೊನೆಗೆ ನಲವತ್ತೆರಡು ಹೆಸರನ್ನೂ ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ ಬೆರಳಿಗೆ ನೆನಪಿತ್ತು ಎಂಬುದೊಂದೇ ಸಮಾಧಾನ.

ಎರಡನೆಯ ಪೆಟ್ಟು ಫೋಟೋಗಳದ್ದು. ಪೋಷಕರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿತ್ರಗಳು ದಾರಿಯಲ್ಲೇ ಸೊರಗಿ ಬಂದಿದ್ದವು. 4000 ಪಿಕ್ಸೆಲ್ ಅಗಲ, 3000 ಎತ್ತರವಿದ್ದ ಚಿತ್ರ ನನ್ನ ಕೈಗೆ ಸಿಕ್ಕಿದಾಗ 1600 ಅಗಲ, 1200 ಎತ್ತರ. ಗುಣಿಸಿ ನೋಡಿ: 1 ಕೋಟಿ 20 ಲಕ್ಷ ಚುಕ್ಕಿಯಿದ್ದದ್ದು 19 ಲಕ್ಷ 20 ಸಾವಿರಕ್ಕೆ ಇಳಿದಿತ್ತು. ಫೋನಿನ ಪರದೆಗೆ ಇಷ್ಟು ಧಾರಾಳ ಸಾಕು. ಆದರೆ ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕಿ ಬೇಕೆಂಬುದು ನಮ್ಮ ಅಂಗಡಿಯ ಹಳೆಯ ಬಾಯಿಪಾಠ. ಆ ಲೆಕ್ಕದಲ್ಲಿ 1600 ಚುಕ್ಕಿಯ ಚಿತ್ರ ಐದು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಅಗಲಕ್ಕೆ ಮಾತ್ರ ಬಾಳುತ್ತದೆ. ಅದೇ ಚಿತ್ರವನ್ನು 'ಡಾಕ್ಯುಮೆಂಟ್' ಎಂದು ಕಳಿಸಿದರೆ ಮೂಲ ಗಾತ್ರದಲ್ಲೇ ಬರುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ಒಂಬತ್ತನೇ ಕ್ಲಾಸಿನ ಹುಡುಗಿ.

ಮೂರನೆಯದು ಮಾತ್ರ ತಂತ್ರಾಂಶದ ಪೆಟ್ಟಲ್ಲ, ನನಗೆ ನಾನೇ ಕೊಟ್ಟುಕೊಂಡದ್ದು.

ಜನವರಿ 20ರಂದು ಶಾಲೆಯ ಮೈದಾನದಲ್ಲಿ ತೆಗೆಸಿದ ಗುಂಪು ಫೋಟೋವೊಂದಿತ್ತು. ಚೌಕಳಿ ಜೋಡಣೆಯಲ್ಲಿ ಅದನ್ನು ನಡುವೆ ಕೂರಿಸಿದೆ. ಅಚ್ಚುಕಟ್ಟಾಗಿ ಕೂತಿತು. ಮುಖ್ಯೋಪಾಧ್ಯಾಯರಿಗೂ ತೋರಿಸಿದೆ, ಚೆನ್ನಾಗಿದೆ ಎಂದರು. ಸಂಜೆ ಬಿಸಿಯೂಟದ ಅಡುಗೆಯಮ್ಮ ಪಾತ್ರೆ ಎಣಿಸಿಡಲು ಬಂದವರು ಪರದೆಯತ್ತ ಬಗ್ಗಿ ನೋಡಿ, "ನಾನೂ ನಿಂತಿದ್ದೆ ಕಣ್ ಸಾ, ಎಲ್ಲೋದೆ?" ಎಂದರು.

ನೋಡಿದೆ. ಅವರಿಲ್ಲ. ಅವರ ಪಕ್ಕದಲ್ಲಿದ್ದ ಅತಿಥಿ ಶಿಕ್ಷಕಿಯೂ ಇಲ್ಲ. ಆಮೇಲೆ ಎಣಿಸುತ್ತಾ ಹೋದೆ. ಫೋಟೋ 6000 ಚುಕ್ಕಿ ಅಗಲ, 4000 ಎತ್ತರ. ಅದನ್ನು ಚೌಕದಲ್ಲಿ ಕೂರಿಸಲು ಪಿಕಾಸಾ ಎರಡು ಕಡೆಯೂ ಸಾವಿರ ಸಾವಿರ ಚುಕ್ಕಿ ಕತ್ತರಿಸಿತ್ತು. ಎಂದರೆ ಒಂದೊಂದು ಕಡೆ ಆರರಲ್ಲಿ ಒಂದು ಪಾಲು. ಹನ್ನೆರಡು ಹನ್ನೆರಡು ಮಕ್ಕಳು ಒತ್ತಾಗಿ ನಿಂತ ಮೂರು ಸಾಲು. ಪ್ರತಿ ಸಾಲಿನಿಂದ ಆ ತುದಿಯ ಇಬ್ಬರು, ಈ ತುದಿಯ ಇಬ್ಬರು ಮಾಯ. ಒಟ್ಟು ಹನ್ನೆರಡು ಮಕ್ಕಳನ್ನು ನಾನು ಶಾಲೆಯಿಂದ ಹೊರಗೆ ಹಾಕಿದ್ದೆ, ಅವರು ಕಾಣೆಯಾದದ್ದು ನನ್ನ ಗಮನಕ್ಕೂ ಬಂದಿರಲಿಲ್ಲ.

ಯಾರು ಆ ಹನ್ನೆರಡು ಮಂದಿ? ಮೂಲ ಫೋಟೋ ತೆರೆದು ಒಬ್ಬೊಬ್ಬರ ಹೆಸರು ಬರೆದುಕೊಂಡೆ. ತಡವಾಗಿ ಓಡಿ ಬಂದು ಕೊನೆಯಲ್ಲಿ ನಿಂತವರು, ಟೈ ಇಲ್ಲದವರು, ಫೋಟೋ ಎಂದರೆ ನಾಚುವವರು, ಹಾಡಿಗಳಿಂದ ಬರುವ ಐದು ಮಕ್ಕಳು. "ಬಾರಪ್ಪ ನಡುವೆ, ಬಾರಮ್ಮ ಮುಂದೆ" ಎಂದು ನಾವು ಕೈಹಿಡಿದು ಕರೆಯುವುದು ಯಾರನ್ನು, ನಿಮಗೂ ಗೊತ್ತು. ಅಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿದವನು ನಾನೇ. ತಂತ್ರಾಂಶ ಪಾಪ, ನಡುವಿನದು ಮುಖ್ಯ, ಅಂಚಿನದು ಹೋದರೂ ನಡೆಯುತ್ತದೆ ಎಂದು ತಿಳಿದು ಕತ್ತರಿ ಹಾಕಿತು. ನಾನು ಕೂಡ ಮೈದಾನದಲ್ಲಿ ಹಾಗೆಂದೇ ತಿಳಿದು ನಿಲ್ಲಿಸಿದ್ದೆ.

ಗುಂಪು ಫೋಟೋವನ್ನು ಚೌಕದಿಂದ ಬಿಡಿಸಿ ಇಡಿಯಾಗಿ ಹಾಕುವುದೆಂದು ನಿರ್ಧರಿಸಿದೆ. ಆದರೂ ಎಣಿಕೆ ಸರಿಹೋಗಲಿಲ್ಲ. ಮೂರು ಸಾಲಿನಲ್ಲಿ ಮೂವತ್ತಾರು, ನೆಲದ ಮೇಲೆ ಕುಳಿತವರು ಐದು. ಕ್ಲಾಸಿನಲ್ಲಿರುವವರು ನಲವತ್ತೆರಡು. ಒಬ್ಬ ಹುಡುಗ ಫೋಟೋದಲ್ಲೇ ಇರಲಿಲ್ಲ. ನಮ್ಮ ಕಡೆಯ ಹಾಡಿಗಳಿಂದ ಕಾಫಿ ಕೊಯ್ಲಿನ ಕಾಲಕ್ಕೆ ಬಹಳ ಸಂಸಾರಗಳು ಕೊಡಗಿನ ತೋಟಗಳಿಗೆ ಹೋಗುತ್ತವೆ. ಇವನೂ ಹೋಗಿದ್ದ. ಎರಡು ಸಲ ಹಾಡಿಗೆ ಹೋಗಿ ಬಂದಿದ್ದೆ, ಗುಡಿಸಲಿಗೆ ಬೀಗ. ಪರೀಕ್ಷೆಗಾದರೂ ಬರುತ್ತಾನೋ ಇಲ್ಲವೋ ಎಂಬ ಕೊರೆತ ನನ್ನಲ್ಲಿತ್ತು.

"ಅದಕ್ಕೇನಂತೆ ಮೇಷ್ಟ್ರೇ, ದಾಖಲಾತಿಯ ಫೋಟೋ ಇದೆಯಲ್ಲ, ಹಿಂದಿನ ಸಾಲಿನಲ್ಲಿ ಅಂಟಿಸಿಬಿಡಿ. ಯಾರಿಗೆ ಗೊತ್ತಾಗುತ್ತೆ?" ಎಂದರು ಮುಖ್ಯೋಪಾಧ್ಯಾಯರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಯಾರೂ ಬಿಟ್ಟುಹೋಗಬಾರದು ಎಂಬುದಷ್ಟೇ ಅವರ ಆಸೆ. ಮಾಡುವುದೂ ಈಗ ಸುಲಭ. ಅಂದು ಮೌಸ್ ಹಿಡಿದು ಕೂದಲಿನ ಅಂಚಿಗೆ ಗೆರೆ ಎಳೆಯುತ್ತಾ ಗಂಟೆಗಟ್ಟಲೆ ಕೂರುತ್ತಿದ್ದೆವು. ಇಂದು ಫೋನಿನಲ್ಲಿ ಮುಖದ ಮೇಲೆ ಬೆರಳಿಟ್ಟರೆ ಹಿನ್ನೆಲೆಯಿಂದ ಆಳು ಸಿಪ್ಪೆ ಸುಲಿದ ಬಾಳೆಹಣ್ಣಿನಂತೆ ಬಿಡಿಸಿ ಬರುತ್ತಾನೆ. ಎರಡು ನಿಮಿಷದಲ್ಲಿ ಹುಡುಗ ಹಿಂದಿನ ಸಾಲಿನಲ್ಲಿ ನಿಂತಿದ್ದ.

ಆದರೆ ಆ ಚಿತ್ರ ನೋಡುತ್ತಿದ್ದಂತೆ ನನಗೆ 1997ರ ಒಂದು ಮಧ್ಯಾಹ್ನ ನೆನಪಾಯಿತು.

ಅಂದು ನಮ್ಮ ಅಂಗಡಿಗೆ ಕೆ.ಆರ್. ನಗರದ ಕಡೆಯ ಯುವಕನೊಬ್ಬ ಮದುವೆಯ ಫೋಟೋ ಹಿಡಿದು ಬಂದಿದ್ದ. ಮದುವೆಗೆ ಮೂರು ತಿಂಗಳ ಹಿಂದೆ ಅವನ ತಂದೆ ತೀರಿಹೋಗಿದ್ದರು. ತಾಯಿಯ ಪಕ್ಕದಲ್ಲಿ ತಂದೆಯೂ ನಿಂತಂತೆ ಮಾಡಿಕೊಡಿ ಎಂದು ಕೇಳಿದ. ತಂದೆಯದೆಂದು ಇದ್ದದ್ದು ಒಂದು ಸಣ್ಣ ಕಪ್ಪುಬಿಳುಪು ಫೋಟೋ, ಕತ್ತಿನಿಂದ ಮೇಲಕ್ಕೆ. ಫೋಟೋಶಾಪ್‌ನಲ್ಲಿ ಚಿತ್ರವನ್ನು ಪದರ ಪದರವಾಗಿ ಜೋಡಿಸುವ ಸೌಕರ್ಯ 1994ರ ಮೂರನೇ ಆವೃತ್ತಿಯಲ್ಲಿ ಬಂದಿತ್ತು, ನನಗೆ ಅದರ ಹುಚ್ಚು. ಮದುವೆಗೆ ಬಂದಿದ್ದ ಯಾರೋ ನೆಂಟರ ದೇಹ ತೆಗೆದುಕೊಂಡು, ಅದರ ಮೇಲೆ ಈ ಮುಖ ಇಟ್ಟು, ಬಣ್ಣ ಹಚ್ಚಿ ಎರಡು ರಾತ್ರಿ ದುಡಿದೆ. ಯುವಕ ಕಣ್ಣು ಒರೆಸಿಕೊಂಡು ದುಡ್ಡು ಕೊಟ್ಟು ಹೋದ. ವಾರದ ಮೇಲೆ ತಾಯಿಯನ್ನು ಕರೆದುಕೊಂಡು ಮತ್ತೆ ಬಂದ. ಆಕೆ ಜಗಳವಾಡಲಿಲ್ಲ. ಫೋಟೋದ ಮೇಲೆ ಬೆರಳಿಟ್ಟು, "ಮುಖ ಅವರದೇ ಕಣಪ್ಪ. ಆದ್ರೆ ಈ ಕೈ ನಮ್ಮೆಜಮಾನ್ರದಲ್ಲ. ಅವರು ಯಾವತ್ತೂ ವಾಚು ಕಟ್ಟಿದವರಲ್ಲ. ಇದನ್ನ ಗೋಡೆಗೆ ಹಾಕಿದ್ರೆ ದಿನಾ ಯಾರೋ ಬೇರೆ ಗಂಡಸಿನ ಪಕ್ಕ ನಿಂತಂಗಾಗ್ತದೆ" ಎಂದರು.

ಆ ಮಾತಿಗೆ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ. ದುಡ್ಡು ವಾಪಸು ಕೊಟ್ಟೆ.

ಹೀಗೆ ಹಲವು ಚಿತ್ರ ಬೆಸೆದು ಒಂದೇ ಮಾಡುವ ಚಟ ಕಂಪ್ಯೂಟರಿನೊಂದಿಗೆ ಹುಟ್ಟಿದ್ದೇನಲ್ಲ. 1857ರಲ್ಲಿ ಇಂಗ್ಲೆಂಡಿನಲ್ಲಿದ್ದ ಸ್ವೀಡನ್ ಮೂಲದ ಆಸ್ಕರ್ ರೈಲಾಂಡರ್ ಎಂಬಾತ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ, ಎಲ್ಲರೂ ಒಂದೇ ಸಭಾಂಗಣದಲ್ಲಿ ಸೇರಿದ್ದರೆಂಬಂತೆ ಒಂದು ದೊಡ್ಡ ಚಿತ್ರ ಮಾಡಿದ. ವಿಕ್ಟೋರಿಯಾ ರಾಣಿ ಅದರ ಪ್ರತಿ ಕೊಂಡಳು. ಹೊಗಳಿದವರಷ್ಟೇ ತೆಗಳಿದವರೂ ಇದ್ದರು. ಕೊಲಾಜ್‌ನ ದಾರಿ ಇದಕ್ಕೆ ತದ್ವಿರುದ್ಧ. ಅಂಟಿಸು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಹೆಸರು ಅದು. 1912ರಲ್ಲಿ ಪಿಕಾಸೊ, ಬ್ರಾಕ್ ಎಂಬ ಕಲಾವಿದರು ಬಟ್ಟೆ, ಕಾಗದದ ತುಂಡುಗಳನ್ನು ಚಿತ್ರದ ಮೇಲೆ ಅಂಟಿಸಿದರು. ಅಂಟಿಸಿದ್ದು ಅಂಟಿಸಿದಂತೆಯೇ ಕಾಣಲಿ ಎಂದು ಬಿಟ್ಟರು.

ಅಷ್ಟು ದೂರವೇಕೆ, ನಮ್ಮ ಹಳ್ಳಿಯ ಪಡಸಾಲೆಯಲ್ಲೇ ಇದ್ದುವಲ್ಲ. ಒಂದು ಕಟ್ಟು, ಒಂದು ಗಾಜು. ಒಳಗೆ ಅಜ್ಜನ ಪೇಟ, ಮಿಲಿಟರಿ ಸೇರಿದ ಚಿಕ್ಕಪ್ಪ, ಧರ್ಮಸ್ಥಳದಲ್ಲಿ ತೆಗೆಸಿದ್ದು, ಕೂಸಿನ ಮೊದಲ ಹುಟ್ಟುಹಬ್ಬ. ಜಾಗ ಸಾಲದೆ ಗಾಜಿನ ಮೂಲೆಗೆ ಸಿಕ್ಕಿಸಿದ ಪಾಸ್‌ಪೋರ್ಟ್ ಸೈಜಿನ ಸೋದರಮಾವ. ಆ ಕಟ್ಟಿನಲ್ಲಿ ಅಜ್ಜ ಮೊಮ್ಮಗನನ್ನು ನೋಡಿದ್ದರೆಂದು ಯಾರೂ ಭ್ರಮಿಸುತ್ತಿರಲಿಲ್ಲ. ಒಂದೇ ಗಾಜಿನ ಹಿಂದೆ ಇದ್ದಾರೆ, ಅಷ್ಟು ಸಾಕಿತ್ತು.

ಇನ್ನು ನನ್ನ ಅಂಟಿಸಿದ ಹುಡುಗನ ವಿಚಾರ. ಬೆಳಿಗ್ಗೆ ಒಂಬತ್ತೂವರೆಗೆ ತೆಗೆದ ಗುಂಪು ಫೋಟೋದಲ್ಲಿ ಎಲ್ಲರ ಮುಖದ ಬಲಬದಿಗೆ ಬಿಸಿಲು, ಎಡಬದಿಗೆ ನೆರಳು. ಸ್ಟುಡಿಯೋದಲ್ಲಿ ತೆಗೆದ ಇವನ ಮುಖಕ್ಕೆ ಎರಡು ಕಡೆಯೂ ಬೆಳಕು. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ, ಅಡ್ಡ ಬಂದ ವಸ್ತುವಿನ ಆಚೆ ನೆರಳು ಬೀಳುತ್ತದೆ ಎಂದು ವರ್ಷವೂ ಪಾಠ ಮಾಡುವವನು ನಾನು. ಒಂದೇ ಮೈದಾನದಲ್ಲಿ ಒಬ್ಬನಿಗೆ ಮಾತ್ರ ಎರಡು ಸೂರ್ಯರನ್ನು ಹೇಗೆ ಕೊಡಲಿ?

ಆ ಹೊತ್ತಿಗೆ, ಫೆಬ್ರುವರಿ ಕಡೆಯ ವಾರ, ಹುಡುಗ ಬಂದೇ ಬಂದ. ಅಂಗೈಯಲ್ಲಿ ಗೀರುಗಳು, ಬೆಳೆದ ಕೂದಲು. ಬೈಯಬೇಕೆಂದಿದ್ದ ಮಾತೆಲ್ಲ ಮರೆತುಹೋಯಿತು. ಅಂಟಿಸಿದ ಚಿತ್ರ ತೋರಿಸಿ "ಹೇಗಿದೆಯೋ?" ಎಂದು ಕೇಳಿದೆ. ತುಂಬ ಹೊತ್ತು ನೋಡಿ ಸಣ್ಣಗೆ ನಕ್ಕ.

"ಚೆನ್ನಾಗದೆ ಸಾ. ಆದ್ರೆ ಆವತ್ತು ನಾನು ಅವ್ವನ ಜೊತೆ ಕಾಪಿ ಹಣ್ಣು ಕುಯ್ತಿದ್ದೆ. ಅವ್ವಂಗೆ ಗೊತ್ತಾಗಲ್ವಾ ಸಾ?"

ಮೈಸೂರಿನ ಅಂಗಡಿಗೆ ಬಂದಿದ್ದ ಆ ತಾಯಿ ಇಪ್ಪತ್ತೆಂಟು ವರ್ಷದ ಮೇಲೆ ಇನ್ನೊಂದು ಬಾಯಿಂದ ಅದೇ ಪ್ರಶ್ನೆ ಕೇಳಿದಂತಾಯಿತು. ಆ ಚಿತ್ರವನ್ನು ಅವನ ಎದುರಿಗೇ ಅಳಿಸಿದೆ.

ಅಂದು ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಟ್ಟು, ಪೆನ್ಸಿಲು ಸ್ಕೇಲು ಹಿಡಿದು ಕುಳಿತೆ. ಹನ್ನೆರಡು ಅಂಗುಲ ಅಗಲ, ಹದಿನೆಂಟು ಅಂಗುಲ ಎತ್ತರದ ಹಾಳೆ. ಮೇಲ್ಗಡೆ ಗುಂಪು ಫೋಟೋ ಒಂದು ಚುಕ್ಕಿಯೂ ಹೋಗದಂತೆ ಹಾಳೆಯ ಅಗಲಕ್ಕೂ ಹಾಸಿದರೆ ಎತ್ತರ ಎಂಟು ಅಂಗುಲ. ಕೆಳಗೆ ಒಂದೂವರೆ ಅಂಗುಲದ ಚೌಕಗಳು, ಸಾಲಿಗೆ ಏಳರಂತೆ ಆರು ಸಾಲು, ಒಟ್ಟು ನಲವತ್ತೆರಡು. ಅಗಲದಲ್ಲಿ ಹತ್ತೂವರೆ, ಎತ್ತರದಲ್ಲಿ ಒಂಬತ್ತು ಅಂಗುಲ. ಉಳಿದ ಒಂದು ಅಂಗುಲ ಶಾಲೆಯ ಹೆಸರಿಗೆ. ಒಂದೂವರೆ ಅಂಗುಲಕ್ಕೆ ಬೇಕಾದ್ದು 450 ಚುಕ್ಕಿ ಮಾತ್ರ, ಹಾಗಾಗಿ ವಾಟ್ಸ್‌ಆ್ಯಪ್‌ನಲ್ಲಿ ಸೊರಗಿ ಬಂದ ಚಿತ್ರವೂ ಸಾಕು. ಕೈ ಮರೆತದ್ದನ್ನು ಕಣ್ಣು ಮರೆತಿರಲಿಲ್ಲ. ಎಲ್ಲರ ಮುಖ ಒಂದೇ ಗಾತ್ರಕ್ಕೆ, ಕಣ್ಣುಗಳು ಒಂದೇ ಮಟ್ಟಕ್ಕೆ ಬರುವಂತೆ ಪ್ರತಿಯೊಂದನ್ನೂ ಪಿಕಾಸಾದಲ್ಲಿ ಕೈಯಿಂದಲೇ ಕತ್ತರಿಸಿದೆ. ಸುಂದರ ಮುಖ, ಮೊದಲ ರ‍್ಯಾಂಕು ಯಾವುದನ್ನೂ ನೋಡದೆ ಹಾಜರಿ ಪುಸ್ತಕದ ಕ್ರಮದಲ್ಲೇ ಕೂರಿಸಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಮೇಲಿನ ಚಿತ್ರ 2025ರ ಜನವರಿ 20ರದು, ಕೆಳಗಿನವು ಬೇರೆ ಬೇರೆ ದಿನಗಳವು.' ಪ್ರಯೋಗದ ದಾಖಲೆ ಪುಸ್ತಕದಲ್ಲಿ ದಿನಾಂಕ ಬರೆಯದ ಮಕ್ಕಳ ಅಂಕ ಕಳೆಯುವವನು ನಾನೂ ಬರೆಯಬೇಕಲ್ಲ.

ಹುಡುಗನ ಫೋಟೋವನ್ನು ಮಾರ್ಚ್ 1ರಂದು ವಿಜ್ಞಾನದ ಕೊಠಡಿಯ ಕಿಟಕಿಯ ಬಳಿ ನಾನೇ ತೆಗೆದೆ. ಕೂದಲಿಗೆ ನೀರು ಹಚ್ಚಿಕೊಂಡು ಬಂದಿದ್ದ. ಹಾಜರಿಯಲ್ಲಿ ಅವನ ಸಂಖ್ಯೆ ಇಪ್ಪತ್ತೈದು. ಏಳರ ಸಾಲಿನಲ್ಲಿ ಎಣಿಸಿ ನೋಡಿ, ನಾಲ್ಕನೇ ಸಾಲಿನ ಸರಿಯಾಗಿ ನಡುವಿನ ಮನೆ ಬರುತ್ತದೆ. ನಾನು ಕೂರಿಸಿದ್ದಲ್ಲ, ಲೆಕ್ಕ ಕೂರಿಸಿತು.

ಬೀಳ್ಕೊಡುಗೆಯ ದಿನ ಆ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ಒರಗಿಸಿದ್ದೆವು. ನಿಜ ಹೇಳಬೇಕೆಂದರೆ ನೋಡಲು ಅಂಥ ಅದ್ಭುತವೇನಲ್ಲ. ಈಗಿನ ಮಕ್ಕಳು ಫೋನಿನಲ್ಲಿ ಇದಕ್ಕಿಂತ ಮಿರುಗುವ ವಿನ್ಯಾಸ ಮಾಡುತ್ತಾರೆ. ಒಬ್ಬ ಹುಡುಗಿ "ಸರ್, ಹಳೇ ಕಾಲದ ಹಂಗಿದೆ" ಎಂದೇ ಬಿಟ್ಟಳು. ಆದರೆ ಬಂದ ಪೋಷಕರು ಒಬ್ಬರೂ ವಿನ್ಯಾಸ ನೋಡಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು ತಮ್ಮ ಮಕ್ಕಳನ್ನು ಹುಡುಕಿದರು. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಗಾಜಿನ ತುಂಬ ಬೆರಳಚ್ಚು. ಅಡುಗೆಯಮ್ಮ ಮೇಲಿನ ಚಿತ್ರದ ತುದಿಯಲ್ಲಿ ತಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡರು.

ಆ ಹುಡುಗನ ತಾಯಿ ಎಲ್ಲರೂ ಸರಿದ ಮೇಲೆ ಬಂದರು. ಮೇಲಿನ ಗುಂಪಿನಲ್ಲಿ ಹುಡುಕಲೇ ಇಲ್ಲ. ನೇರ ಕೆಳಗೆ ನೋಡಿ, ನಡುವಿನ ಮನೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ, "ಆಧಾರ್ ಕಾರ್ಡಲ್ಲಿ ಬಿಟ್ರೆ ಇವನದೊಂದು ಪೋಟ ಮನೇಲಿಲ್ಲ ಸಾ. ಇದೊಂದನ್ನ ಬಿಡಿಸಿ ಕೊಡಕಾಯ್ತದಾ?" ಎಂದು ಕೇಳಿದರು.

ಹುಣಸೂರಿನಲ್ಲಿ ಪ್ರಿಂಟ್ ಹಾಕಿಸಿ ಮರುದಿನ ಕಳಿಸಿಕೊಟ್ಟೆ. ಹುಡುಗ ಪರೀಕ್ಷೆಯನ್ನೂ ಬರೆದ. ಗಣಿತ ಉಳಿದುಕೊಂಡಿತ್ತು, ಪರೀಕ್ಷೆ-2ರಲ್ಲಿ ಅದನ್ನೂ ದಾಟಿದ. ಈ ವರ್ಷದ ಗುಂಪು ಫೋಟೋಗೆ ಮಕ್ಕಳನ್ನು ನಿಲ್ಲಿಸುವಾಗ ನಾನು ಮೊದಲು ಎರಡು ತುದಿಗಳಿಗೆ ಹೋಗಿ, ಅಲ್ಲಿದ್ದವರನ್ನು ಕೈಹಿಡಿದು ನಡುವೆ ಕರೆತಂದೆ. ಆಮೇಲೆ ಛಾಯಾಗ್ರಾಹಕನಿಗೆ ಹೇಳಿದೆ: "ಎರಡು ಕಡೆಯೂ ಒಂದೊಂದು ಮೊಳ ಜಾಗ ಬಿಟ್ಟು ತೆಗೆಯಪ್ಪ."